ಕೀವರ್ಡ್ ಅಲರ್ಟ್ ಹಾಕಿದ ಮೊದಲ ರಾತ್ರಿ ಬಂದದ್ದೆಲ್ಲಾ ಕಸ: ಒಂದು ಬಿಬಿಎಸ್ ಪ್ರಕರಣ

ನಾನು ಒಂದು ಸಣ್ಣ ಬಿಬಿಎಸ್ ನಡೆಸುತ್ತೇನೆ, ಸಿಂಕ್ರೊನೆಟ್ ಸಾಫ್ಟ್‌ವೇರ್ ಮೇಲೆ. ಬಿಬಿಎಸ್ ಅಂದರೆ ದೂರದಿಂದ ಲಾಗಿನ್ ಆಗಿ ಸಂದೇಶ ಓದಿ ಬರೆಯುವ, ಆಟ ಆಡುವ ಹಳೆಯ ಕಾಲದ ಬುಲೆಟಿನ್ ಬೋರ್ಡ್. ಲಾಗಿನ್ ಆಗುವ ಜನ ಕಡಿಮೆ. ಆದರೆ ಇಂಥ ಬೋರ್ಡುಗಳನ್ನು ಒಂದಕ್ಕೊಂದು ಜೋಡಿಸುವ ಫಿಡೋನೆಟ್ ಮಾದರಿಯ ನೆಟ್‌ವರ್ಕ್‌ಗಳ ಸಂದೇಶಗಳು ಮಾತ್ರ ಹಗಲು ರಾತ್ರಿ ಬಂದು ಬೀಳುತ್ತಲೇ ಇರುತ್ತವೆ. ನನ್ನ ಬೋರ್ಡಿನ ಹಳೆಯ ಬಳಕೆದಾರನೊಬ್ಬ, ಗೆಳೆಯನೂ ಹೌದು, ಒಂದು ಡೋರ್ ಗೇಮ್ ಬರೆದಿದ್ದಾನೆ. ಡೋರ್ ಅಂದರೆ ಬಿಬಿಎಸ್‌ನಿಂದ ಆಚೆ ಓಡುವ ಬೇರೆ ಪ್ರೋಗ್ರಾಂ, ಆಟ ಮುಗಿದ ಮೇಲೆ ನಿಮ್ಮನ್ನು ಮತ್ತೆ ಬೋರ್ಡಿಗೆ ತಂದು ಬಿಡುತ್ತದೆ. ಆಟದ ನಿಜವಾದ ಹೆಸರು ಇಲ್ಲಿ ಬೇಡ, 'ಹಾರ್ಬರ್' ಅಂದುಕೊಳ್ಳಿ. ನಿಜವಾದದ್ದೂ ಹೀಗೇ ಒಂದು ಸಾಮಾನ್ಯ ಇಂಗ್ಲಿಷ್ ಪದ. ತಲೆನೋವು ಶುರುವಾದದ್ದೇ ಅಲ್ಲಿಂದ.

ಆದದ್ದು ಇಷ್ಟು. ಯಾರೋ ಒಬ್ಬ ಸಿಸಾಪ್, ಅಂದರೆ ಬೋರ್ಡ್ ನಡೆಸುವವನು, ಯಾವುದೋ ಒಂದು ಎಕೋದಲ್ಲಿ 'ಹಾರ್ಬರ್ ಆಡುತ್ತಿದ್ದರೆ ಸೇವ್ ಫೈಲ್ ಹಾಳಾಗುತ್ತಿದೆ, ಯಾರಿಗಾದರೂ ಗೊತ್ತಾ' ಅಂತ ಕೇಳಿದ್ದ. ಎಕೋ ಅಂದರೆ ಒಂದು ಕಡೆ ಬರೆದದ್ದು ನೆಟ್‌ವರ್ಕಿನ ಎಲ್ಲ ಬೋರ್ಡುಗಳಿಗೂ ಹೋಗಿ ಸೇರುವ ಚರ್ಚೆ. ಗೆಳೆಯ ಅದನ್ನು ನೋಡಿದ್ದು ಮೂರು ವಾರ ಆದಮೇಲೆ, ಅದೂ ಆಕಸ್ಮಿಕವಾಗಿ. ಅಷ್ಟರಲ್ಲಿ ಕೇಳಿದವನು ಆಟವನ್ನೇ ತೆಗೆದುಹಾಕಿ, ತೆಗೆದುಹಾಕಿದೆ ಅಂತಲೂ ಬರೆದಿದ್ದ. ಬಗ್ ಇದ್ದದ್ದು ನಿಜ, ಸರಿಮಾಡಲು ಬೇಕಾದದ್ದು ಅರ್ಧ ಗಂಟೆ. ಗೆಳೆಯನಿಗೆ ಬೇಜಾರಾಯಿತು. "ನನ್ನ ಆಟದ ಹೆಸರು ಎಲ್ಲಿ ಬಂದರೂ ನನಗೆ ಗೊತ್ತಾಗೋ ಹಾಗೆ ಏನಾದರೂ ಮಾಡೋಕಾಗತ್ತಾ?" ಅಂತ ಕೇಳಿದ. ಆಗತ್ತೆ, ಒಂದು ಸಂಜೆ ಕೆಲಸ ಅಂದೆ. ಆ ಒಂದು ಸಂಜೆ ಎರಡು ತಿಂಗಳಾಯಿತು, ಅದರ ಕಥೆಯೇ ಇದು.

ಬೋರ್ಡಿನಲ್ಲೇ ಇರುವ ಸೌಲಭ್ಯ ಸಾಕಾಗಲ್ವಾ ಅಂತ ನೀವು ಕೇಳಬಹುದು. ಸಿಂಕ್ರೊನೆಟ್‌ನಲ್ಲಿ ನಿಮ್ಮ ಹೆಸರಿಗೆ ಬಂದ ಸಂದೇಶಗಳನ್ನು ಹುಡುಕಿಕೊಡುವ ಸ್ಕ್ಯಾನ್ ಇದೆ, ಪದ ಕೊಟ್ಟು ಹುಡುಕುವುದೂ ಇದೆ. ಆದರೆ ಎರಡಕ್ಕೂ ನೀವೇ ಲಾಗಿನ್ ಆಗಿ ಕೇಳಬೇಕು. ಸಂದೇಶಗಳನ್ನು ಒಂದು ಪ್ಯಾಕೆಟ್ಟಾಗಿ ಇಳಿಸಿಕೊಂಡು ಆಮೇಲೆ ಓದುವ ಹಳೆಯ ಕಾಲದ ಆಫ್‌ಲೈನ್ ಮೇಲ್ ವ್ಯವಸ್ಥೆಗಳಲ್ಲಿ ಇದಕ್ಕಿಂತ ಹತ್ತಿರದ್ದು ಒಂದಿತ್ತು. ಬ್ಲೂ ವೇವ್ ಅನ್ನುವ ಅಂಥದ್ದೊಂದರಲ್ಲಿ ಪ್ರತಿ ಬಳಕೆದಾರನೂ ಹತ್ತು ಕೀವರ್ಡ್, ಹತ್ತು ಫಿಲ್ಟರ್ ಬರೆದಿಡಬಹುದಿತ್ತು. ಪ್ಯಾಕೆಟ್ ಕಟ್ಟುವಾಗ ಕೀವರ್ಡ್ ಇರುವ ಸಂದೇಶ ಆರಿಸಿಕೊಳ್ಳುತ್ತಿತ್ತು, ಫಿಲ್ಟರ್ ಇರುವುದನ್ನು ಬಿಡುತ್ತಿತ್ತು. ಬೇಕಾದದ್ದಕ್ಕೆ ಎಷ್ಟು ಜಾಗವೋ ಬೇಡದ್ದಕ್ಕೂ ಅಷ್ಟೇ ಜಾಗ, ಇದನ್ನು ನೋಡಿದಾಗಲೇ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ.

ಮೊದಲ ಆವೃತ್ತಿ

ಸಿಂಕ್ರೊನೆಟ್‌ನಲ್ಲಿ ಜಾವಾಸ್ಕ್ರಿಪ್ಟ್ ಬರೆದು ಸಂದೇಶಗಳ ಸಂಗ್ರಹವನ್ನು ನೇರವಾಗಿ ತೆರೆಯಬಹುದು. ಒಂದೊಂದೇ ಸಂದೇಶದ ಹೆಡರ್ ಓದು, ಒಡಲು ಓದು, ಪದ ಇದೆಯಾ ನೋಡು, ಇದ್ದರೆ ತಿಳಿಸು. ಹತ್ತು ನಿಮಿಷಕ್ಕೊಮ್ಮೆ ಓಡುವ ಹಾಗೆ ಟೈಮ್ಡ್ ಇವೆಂಟ್‌ಗೆ ಹಾಕಿದೆ. ಹಿಂದಿನ ಸಲ ಓಡಿದ ಸಮಯ ಒಂದು ಫೈಲಿನಲ್ಲಿ, ಅದಕ್ಕಿಂತ ಈಚಿನ ತಾರೀಕಿನ ಸಂದೇಶಗಳಷ್ಟೇ ನೋಡಬೇಕು. ಸಿಕ್ಕಿದ್ದನ್ನು ಬೋರ್ಡಿನದೇ ಒಂದು ಲೋಕಲ್ ಏರಿಯಾದಲ್ಲಿ, ಅಂದರೆ ಹೊರಗೆ ಹೋಗದ ಸಂದೇಶ ವಿಭಾಗದಲ್ಲಿ, ಪೋಸ್ಟ್ ಮಾಡಬೇಕು, ಗೆಳೆಯ ಅಲ್ಲಿ ಓದಿಕೊಳ್ಳುತ್ತಾನೆ. ಐವತ್ತು ಸಾಲು ಕೂಡ ಇರಲಿಲ್ಲ, ಹೆಮ್ಮೆಯಿಂದ ಮಲಗಿದೆ.

ಬೆಳಿಗ್ಗೆ ಎದ್ದು ನೋಡಿದರೆ ಆ ಏರಿಯಾ ತುಂಬಿ ತುಳುಕುತ್ತಿದೆ. ಒಂದು ನಿಜವಾದ ಸಂದೇಶ ಸಿಕ್ಕಿತ್ತು, ಅದರ ಅಲರ್ಟ್ ಪೋಸ್ಟ್ ಆಗಿತ್ತು. ಹತ್ತು ನಿಮಿಷ ಆದಮೇಲೆ ಸ್ಕ್ರಿಪ್ಟ್ ಮತ್ತೆ ಓಡಿದೆ, ಆ ಅಲರ್ಟ್ ಒಳಗೂ 'ಹಾರ್ಬರ್' ಇದೆಯಲ್ಲ, ಅದಕ್ಕೊಂದು ಅಲರ್ಟ್. ಆಮೇಲೆ ಆ ಎರಡನೆಯದಕ್ಕೆ ಇನ್ನೊಂದು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ, ರಾತ್ರಿಯಿಡೀ ತನ್ನನ್ನೇ ತಾನು ಹಿಡಿದುಕೊಂಡು ಕೂತಿತ್ತು. ಲೋಕಲ್ ಏರಿಯಾ ಆಗಿದ್ದಕ್ಕೆ ಬಚಾವಾದೆ. ಅದೇ ಹೊರಗೆ ಹೋಗುವ ಎಕೋ ಆಗಿದ್ದರೆ ನೆಟ್‌ವರ್ಕಿನ ಅಷ್ಟೂ ಜನರ ಮುಂದೆ ಮರ್ಯಾದೆ ಹೋಗುತ್ತಿತ್ತು. ಅಲರ್ಟ್ ಎಲ್ಲಿ ಬೀಳುತ್ತದೋ ಆ ಜಾಗ ಸ್ಕ್ಯಾನ್ ಪಟ್ಟಿಯಲ್ಲಿ ಇರಲೇಬಾರದು. ಈಗ ಅದು ಗೆಳೆಯನ ಖಾಸಗಿ ಮೇಲ್‌ಗೆ ಹೋಗುತ್ತದೆ.

ಇದನ್ನು ಸರಿಮಾಡಿದ ಮೇಲೂ ಕಸ ನಿಲ್ಲಲಿಲ್ಲ. ಎರಡು ದಿನ ಬಿಟ್ಟು ಗೆಳೆಯನ ಮೆಸೇಜ್: "ಮಾರಾಯ, ನಾನು ಅಲರ್ಟ್ ಕೇಳಿದ್ದು, ಮಳೆ ಕೇಳಲಿಲ್ಲ."

ಕಸ ಎಲ್ಲಿಂದ ಬಂತು

ಒಂದೊಂದೇ ತೆಗೆದು ನೋಡಿದೆ. ನಾನು ಹೆದರಿದ್ದು ಬಂದರು, ಹಡಗು ಅಂತ ನಿಜವಾದ ಅರ್ಥದಲ್ಲಿ ಪದ ಬಳಸುವವರಿಗೆ. ಅಂಥವು ಸಿಕ್ಕಿದ್ದು ಬೆರಳೆಣಿಕೆಯಷ್ಟು. ಬಹುಪಾಲು ಕಸ ಬಂದದ್ದು ಮನುಷ್ಯರು ಬರೆಯದ ಸಾಲುಗಳಿಂದ.

ಫಿಡೋನೆಟ್ ಸಂದೇಶದ ಒಡಲು ಅಂದರೆ ಬರೀ ಬರೆದವನ ಮಾತಲ್ಲ. ಮೇಲೆ ಕ್ಲಡ್ಜ್ ಸಾಲುಗಳು ಇರುತ್ತವೆ, 1 ಅನ್ನುವ ಮೌಲ್ಯದ ಬೈಟಿನಿಂದ ಶುರುವಾಗುವಂಥವು, ಓದುಗನಿಗೆ ಕಾಣಬಾರದು ಅಂತ ಇರುವಂಥವು: ಮೆಸೇಜ್ ಐಡಿ, ಅಕ್ಷರ ಸಂಕೇತ, ಯಾವ ಪ್ರೋಗ್ರಾಂನಲ್ಲಿ ಬರೆದದ್ದು, ಇತ್ಯಾದಿ. ಕೆಳಗೆ ಮೂರು ಅಡ್ಡಗೆರೆಯ ಟಿಯರ್ ಲೈನ್, ಅದರ ಕೆಳಗೆ ನಕ್ಷತ್ರ ಹಾಕಿದ ಆರಿಜಿನ್ ಲೈನ್, ಅದರಲ್ಲಿ ಕಳಿಸಿದ ಬೋರ್ಡಿನ ಹೆಸರು, ವಿಳಾಸ, ಜಾಗ ಉಳಿದರೆ ಒಂದು ಜಾಹೀರಾತು. ಆಮೇಲೆ ಯಾವ ಯಾವ ಬೋರ್ಡು ಇದನ್ನು ನೋಡಿದೆ ಅನ್ನುವ ಸೀನ್-ಬೈ ಸಾಲುಗಳು. ಒಬ್ಬ ಸಿಸಾಪ್ ತನ್ನ ಆರಿಜಿನ್ ಲೈನಿನಲ್ಲಿ 'ಇಲ್ಲಿ ಹಾರ್ಬರ್ ಆಡಿ' ಅಂತ ಹಾಕಿಕೊಂಡಿದ್ದ, ಗೆಳೆಯನಿಗೆ ಅದು ಖುಷಿಯ ವಿಷಯವೇ. ಆದರೆ ಆ ಮನುಷ್ಯ ಹವಾಮಾನದ ಬಗ್ಗೆ ಬರೆದರೂ ಅಲರ್ಟ್, ಗುಡ್ ಮಾರ್ನಿಂಗ್ ಅಂದರೂ ಅಲರ್ಟ್.

ಸಿಂಕ್ರೊನೆಟ್ ತನ್ನ ಸಂಗ್ರಹದಲ್ಲಿ ಟಿಯರ್ ಲೈನ್, ಆರಿಜಿನ್ ಲೈನ್‌ಗಳನ್ನು ಬಾಲ ಅಂತ ಬೇರೆಯಾಗಿ ಇಡುತ್ತದೆ. ಒಡಲು ಓದುವಾಗ ಬಾಲ ಬೇಡ ಅಂತ ಒಂದು ಆಯ್ಕೆ ಕೊಟ್ಟರೆ ಸಾಕು. ನಾನು ಕೊಟ್ಟಿರಲಿಲ್ಲ. ದಾಖಲೆ ಓದದೆ ಬರೆದರೆ ಹೀಗೇ ಆಗುವುದು.

ಎರಡನೇ ಮೂಲ ಕೋಟ್ ಮಾಡಿದ ಸಾಲುಗಳು. ಹಿಂದಿನವರ ಮಾತಿಗೆ ಅವರ ಇನಿಷಿಯಲ್ ಮತ್ತು ಬಾಣದ ಗುರುತು ಹಾಕಿ ಮೇಲೆ ಇಡುವುದು ಇಲ್ಲಿನ ವಾಡಿಕೆ. ಒಬ್ಬ ಒಂದು ಸಲ 'ಹಾರ್ಬರ್' ಅಂದ, ಎಂಟು ಜನ ಉತ್ತರ ಕೊಟ್ಟರು, ಎಂಟೂ ಜನ ಆ ಸಾಲನ್ನು ಹೊತ್ತುಕೊಂಡೇ ಬಂದರು. ಐದನೇ ಉತ್ತರದ ಹೊತ್ತಿಗೆ ಮಾತು ಇನ್ನೆಲ್ಲೋ ಹೋಗಿರುತ್ತದೆ, ಕೋಟ್ ಮಾತ್ರ ಅಲ್ಲೇ ನೇತಾಡುತ್ತಿರುತ್ತದೆ. ಹಾಗಾಗಿ ಸಾಲಿನ ಮೊದಲಲ್ಲಿ ಒಂದೆರಡು ಅಕ್ಷರ ಆಮೇಲೆ ಬಾಣ ಇದ್ದರೆ, ಅಥವಾ ಬರೀ ಬಾಣವೇ ಇದ್ದರೆ, ಆ ಸಾಲು ಲೆಕ್ಕಕ್ಕಿಲ್ಲ ಅಂತ ಮಾಡಿದೆ. ಇದನ್ನು ನೆನಪಿಡಿ, ಈ ಬುದ್ಧಿವಂತಿಕೆ ಮುಂದೆ ನನಗೇ ತಿರುಗಿಬಿತ್ತು.

ಇನ್ನು ಸಣ್ಣಪುಟ್ಟವು. ಗೆಳೆಯ ತಾನೇ ಬರೆದ ಸಂದೇಶಕ್ಕೆ ತನಗೇ ಅಲರ್ಟ್ ಬರುತ್ತಿತ್ತು, ಅದನ್ನು ತೆಗೆದೆ. ಒಂದೇ ಸಂದೇಶ ಎರಡು ದಾರಿಯಲ್ಲಿ ಬಂದರೆ ಎರಡು ಅಲರ್ಟ್, ಅದಕ್ಕೆ ಮೆಸೇಜ್ ಐಡಿ ಹೋಲಿಸಿದೆ. ಒಂದು ಸಿಸ್ಟಮ್ ಒಮ್ಮೆ ಕೊಟ್ಟ ಐಡಿಯನ್ನು ಮೂರು ವರ್ಷದೊಳಗೆ ಮತ್ತೆ ಕೊಡಬಾರದು ಅನ್ನುವುದು ಫಿಡೋನೆಟ್ ನಿಯಮ, ಹಾಗಾಗಿ ಅದನ್ನು ನಂಬಬಹುದು. ಪದದ ನಡುವೆ ಸಿಗುವುದನ್ನು ಬಿಟ್ಟು ಇಡೀ ಪದಕ್ಕಷ್ಟೇ ಹೊಂದಿಸಿದೆ. ಈ ಹೊತ್ತಿಗೆ ಮಳೆ ನಿಂತಿತ್ತು, ದಿನಕ್ಕೆ ಒಂದೋ ಎರಡೋ ಅಲರ್ಟ್, ಬಂದದ್ದೆಲ್ಲ ನಿಜವಾದದ್ದು. ಇಬ್ಬರೂ ಖುಷಿ.

ಆಮೇಲೆ ಕಾಣಿಸಿದ್ದು ಬೇರೆ ಥರದ ತೊಂದರೆ

ಕಸ ಬಂದರೆ ಗೊತ್ತಾಗುತ್ತದೆ, ಬರಬೇಕಾದದ್ದು ಬರದಿದ್ದರೆ ಗೊತ್ತಾಗುವುದೇ ಇಲ್ಲ. ನನಗೆ ಗೊತ್ತಾಗಿದ್ದು ಒಂದು ಎಕೋ ಸುಮ್ನೆ ಓದುತ್ತಿದ್ದಾಗ ಕಣ್ಣೆದುರೇ 'ಹಾರ್ಬರ್' ಕಾಣಿಸಿದ್ದರಿಂದ. ಅಲರ್ಟ್ ಹೋಗಿರಲಿಲ್ಲ. ಹಿಂದಿನ ಒಂದು ತಿಂಗಳ ಸಂದೇಶಗಳನ್ನು ತೆಗೆದು ಕೈಯಾರೆ ಹುಡುಕಲು ಕೂತೆ, ಬೇಜಾರಿನ ಕೆಲಸ. ಆದರೆ ಇಡೀ ಪ್ರಕರಣದಲ್ಲಿ ಕೆಲಸಕ್ಕೆ ಬಂದದ್ದು ಇದೇ.

ಮೊದಲ ಕಾರಣ ತಾರೀಕು. ಎಕೋ ಸಂದೇಶ ಬರೆದ ತಕ್ಷಣ ನಿಮ್ಮ ಬೋರ್ಡಿಗೆ ಬರುವುದಿಲ್ಲ. 1984ರಲ್ಲಿ ಟಾಮ್ ಜೆನಿಂಗ್ಸ್ ಫಿಡೋನೆಟ್ ಶುರುಮಾಡಿದಾಗ ಬೋರ್ಡುಗಳು ರಾತ್ರಿ ಫೋನ್ ದರ ಕಡಿಮೆ ಇರುವಾಗ ಒಂದಕ್ಕೊಂದು ಡಯಲ್ ಮಾಡಿ ಮೇಲ್ ದಾಟಿಸುತ್ತಿದ್ದವು. ಈಗ ಬಹುತೇಕ ಇಂಟರ್ನೆಟ್ ಮೇಲೆ ನಿಮಿಷದಲ್ಲಿ ದಾಟುತ್ತದೆ, ಆದರೂ ಸ್ವಭಾವ ಅದೇ. ಒಂದು ಬೋರ್ಡು ಎರಡು ದಿನ ಕೆಟ್ಟು ಕೂತರೆ ಅದರ ಹಿಂದಿನ ಸಂದೇಶಗಳು ಎರಡು ದಿನ ತಡ. ಸೋಮವಾರ ಬರೆದದ್ದು ಬುಧವಾರ ಬರುತ್ತದೆ, ತಾರೀಕು ಸೋಮವಾರದ್ದೇ ಇರುತ್ತದೆ, ನನ್ನ ಸ್ಕ್ರಿಪ್ಟ್ 'ಇದು ಹಳೆಯದು, ನೋಡಿಯಾಗಿದೆ' ಅಂದುಕೊಂಡು ಮುಂದೆ ಹೋಗುತ್ತದೆ. ಜೊತೆಗೆ ಗಡಿಯಾರ ತಪ್ಪಾಗಿರುವ ಬೋರ್ಡುಗಳೂ ಇವೆ. ಪ್ಯಾಕೆಟ್ಟಿನ ತಾರೀಕಿನಲ್ಲಿ ವರ್ಷಕ್ಕೆ ಎರಡೇ ಅಂಕಿ, ಅದನ್ನೂ ನಂಬಿಕೊಂಡು ಕೂರಬಾರದು.

ಸರಿಯಾದ ದಾರಿ ಅಂದರೆ ನನ್ನ ಬೋರ್ಡು ತಾನೇ ಕೊಡುವ ಸಂದೇಶ ಸಂಖ್ಯೆ. ಯಾವಾಗ ಬರೆದಿರಲಿ, ಇಲ್ಲಿಗೆ ಬಂದ ಕ್ರಮದಲ್ಲಿ ನಂಬರ್ ಬೀಳುತ್ತದೆ. ಏರಿಯಾಗೊಂದು ಕೊನೆಯ ನಂಬರ್ ಬರೆದಿಟ್ಟುಕೊಂಡೆ, ಅದಕ್ಕಿಂತ ದೊಡ್ಡದೆಲ್ಲ ಹೊಸದು. ಇದು ಸಿಂಕ್ರೊನೆಟ್‌ನಲ್ಲಿ ಸುಲಭ. ಪ್ರತಿ ಸಂದೇಶಕ್ಕೊಂದು ಫೈಲ್ ಇಡುವ ಹಳೆಯ ಮಾದರಿಯ ಬೋರ್ಡಾಗಿದ್ದರೆ ಹುಷಾರು, ಅಲ್ಲಿ ಕ್ಲೀನ್ ಮಾಡಿದಾಗ ಉಳಿದ ಫೈಲುಗಳ ನಂಬರನ್ನೇ ಮತ್ತೆ ಒಂದರಿಂದ ಹಾಕಬಹುದು, ನೀವು ಬರೆದಿಟ್ಟ ನಂಬರಿಗೆ ಅರ್ಥವೇ ಇರುವುದಿಲ್ಲ.

ನಂಬರಿಗೂ ಒಂದು ಕುತ್ತು ಇತ್ತು ಅನ್ನಿ. ಹೊಸ ಎಕೋ ಒಂದಕ್ಕೆ ಸೇರಿಕೊಂಡು, ಹಳೆಯ ಸಂದೇಶವೂ ಇರಲಿ ಅಂತ ನನಗೆ ಸಂದೇಶ ಕಳಿಸುವ ಮೇಲಿನ ಬೋರ್ಡಿಗೆ (ಹಬ್) ರೀಸ್ಕ್ಯಾನ್ ಕೇಳಿದೆ, ಅಂದರೆ ಹಳೆಯದನ್ನೂ ಮತ್ತೆ ಕಳಿಸು ಅಂತ. ವರ್ಷಗಟ್ಟಲೆ ಹಿಂದಿನವು ಒಟ್ಟಿಗೆ ಬಂದವು, ಎಲ್ಲಕ್ಕೂ ಹೊಸ ನಂಬರ್. ಗೆಳೆಯನಿಗೆ ಮತ್ತೆ ಮಳೆ, ಈ ಸಲ ಅವನು ಎಂದೋ ಸರಿಮಾಡಿದ ಬಗ್‌ಗಳ ದೂರುಗಳ ಮಳೆ. ಹಾಗಾಗಿ ಈಗ ಎರಡನ್ನೂ ಬಳಸುತ್ತೇನೆ: ನೋಡಬೇಕೋ ಬೇಡವೋ ಅನ್ನುವುದನ್ನು ನಂಬರ್ ಹೇಳುತ್ತದೆ, ಈಗಲೇ ಹೇಳಬೇಕೋ ಅನ್ನುವುದನ್ನು ತಾರೀಕು ಹೇಳುತ್ತದೆ. ಬರೆದು 30 ದಿನ ದಾಟಿದ್ದರೆ ಅದು 'ಹಳೆಯವು' ಅಂತ ಪಟ್ಟಿಯ ಕೊನೆಗೆ ಹೋಗುತ್ತದೆ.

ಎರಡನೇ ಕಾರಣ ನೋಡಿ ನಗು ಬಂತು. ಒಬ್ಬ ಆಟದ ಹೆಸರನ್ನು ಚಂದ ಮಾಡಲು ಹೋಗಿ ಮೊದಲ ಅಕ್ಷರಕ್ಕೆ ಒಂದು ಬಣ್ಣ, ಉಳಿದದ್ದಕ್ಕೆ ಇನ್ನೊಂದು ಬಣ್ಣ ಹಾಕಿದ್ದ. ಬಿಬಿಎಸ್‌ನಲ್ಲಿ ಬಣ್ಣ ಅಂದರೆ ಅಕ್ಷರಗಳ ನಡುವೆಯೇ ಕೂರುವ ಸಂಕೇತ: ಸಿಂಕ್ರೊನೆಟ್‌ನಲ್ಲಿ ಕಂಟ್ರೋಲ್-ಎ ಮತ್ತು ಒಂದು ಅಕ್ಷರ, ಮಿಸ್ಟಿಕ್‌ನಂಥ ಬೇರೆ ಬಿಬಿಎಸ್ ಸಾಫ್ಟ್‌ವೇರ್‌ಗಳಲ್ಲಿ ನೇರ ಗೆರೆ ಮತ್ತು ಎರಡು ಅಂಕಿ. ಕಣ್ಣಿಗೆ ಕಾಣುವುದು 'ಹಾರ್ಬರ್', ಸ್ಕ್ರಿಪ್ಟಿಗೆ ಕಾಣುವುದು ಮಧ್ಯದಲ್ಲಿ ಕಸ ಸಿಕ್ಕಿಕೊಂಡ ಎರಡು ತುಂಡು. ಕಂಟ್ರೋಲ್-ಎ ತೆಗೆಯಲು ಸಿಂಕ್ರೊನೆಟ್‌ನಲ್ಲೇ ಆಯ್ಕೆ ಇದೆ, ನೇರ ಗೆರೆಯವನ್ನು ನಾನೇ ತೆಗೆದೆ. ಹುಡುಕುವ ಮೊದಲು ಬಣ್ಣ ತೊಳೆಯಬೇಕು.

ಸಾಲು ಮುರಿಯುವುದೂ ಹಾಗೇ. ಪರದೆ ಎಂಬತ್ತು ಅಕ್ಷರ ಅಗಲ, ಅದಕ್ಕೆ ಸರಿಯಾಗಿ ಎಡಿಟರ್ ಸಾಲು ಕತ್ತರಿಸುತ್ತದೆ. 'ಸೇವ್ ಫೈಲ್' ಅಂತ ಎರಡು ಪದದ ಕೀವರ್ಡ್ ಇದ್ದರೆ ಒಂದು ಈ ಸಾಲಿನ ಕೊನೆ, ಇನ್ನೊಂದು ಮುಂದಿನ ಸಾಲಿನ ಮೊದಲು. ಕೋಟ್ ಸಾಲು ತೆಗೆದ ಮೇಲೆ ಉಳಿದದ್ದನ್ನು ಒಂದೇ ಉದ್ದ ಸಾಲಾಗಿ ಸೇರಿಸಿ ಹುಡುಕಬೇಕು, ಮೊದಲೇ ಸೇರಿಸಿದರೆ ಕೋಟ್ ಯಾವುದು ಅಂತ ಗೊತ್ತಾಗುವುದಿಲ್ಲ. ಇನ್ನು ಕಾಗುಣಿತ. ಹಾರ್ಬರ್ ಕೊನೆಗೆ ಓ-ಆರ್ ಬರೆಯುವವರೂ ಇದ್ದಾರೆ, ಓ-ಯು-ಆರ್ ಬರೆಯುವವರೂ ಇದ್ದಾರೆ. ಗೆಳೆಯ ತನ್ನ ಆಟಕ್ಕೆ ಇಟ್ಟದ್ದು ಒಂದೇ ಇರಬಹುದು, ಜನ ಬರೆಯುವುದು ತಮಗೆ ರೂಢಿಯಾದದ್ದನ್ನೇ. ಎರಡನ್ನೂ ಹಾಕಿದೆ, ಮುಗಿಯಿತು.

ಪದವೇ ಇಲ್ಲದ ಸಂದೇಶ

ಈಗ ನಾನು ಮೇಲೆ ನೆನಪಿಡಿ ಅಂದದ್ದಕ್ಕೆ ಬರೋಣ. ಕೈಯಾರೆ ಹುಡುಕುವಾಗ ಸಿಕ್ಕ ಒಂದು ಸಂದೇಶ ಹೀಗಿತ್ತು: ಮೇಲೆ ನಾಲ್ಕು ಸಾಲು ಕೋಟ್, ಅದರಲ್ಲಿ ಹಾರ್ಬರ್ ಬಗ್ಗೆ ದೂರು. ಕೆಳಗೆ ಬರೆದವನ ಸ್ವಂತ ಮಾತು, 'ನನಗೂ ಅದೇ ಆಗುತ್ತಿದೆ, ಆದರೆ ಇಬ್ಬರು ಒಟ್ಟಿಗೆ ಆಡುವಾಗ ಮಾತ್ರ.'

ಗೆಳೆಯನಿಗೆ ಬೇಕಾದದ್ದು ಇದೊಂದೇ ಸಾಲು. ಬಗ್ ಯಾವಾಗ ಬರುತ್ತದೆ ಅನ್ನುವುದು ಅದರಲ್ಲೇ ಇದೆ. ಆದರೆ ಅವನ ಸ್ವಂತ ಮಾತಿನಲ್ಲಿ ಆಟದ ಹೆಸರಿಲ್ಲ, ಹೆಸರು ಇರುವ ಸಾಲುಗಳನ್ನು ನಾನೇ ಬಿಸಾಕಿದ್ದೇನೆ. ಕೋಟ್ ವಾಪಸ್ ಸೇರಿಸಿದರೆ ಮತ್ತೆ ಕಸ. ಇಲ್ಲಿ ನಾನು ಎರಡು ದಿನ ಸಿಕ್ಕಿಕೊಂಡೆ.

ದಾರಿ ಸಿಕ್ಕಿದ್ದು ಕ್ಲಡ್ಜ್ ಸಾಲುಗಳಲ್ಲಿ, ನಾನು ಕಸ ಅಂದುಕೊಂಡಿದ್ದರಲ್ಲಿ. ಉತ್ತರ ಬರೆಯುವಾಗ ಎಡಿಟರ್ ರಿಪ್ಲೈ ಅನ್ನುವ ಸಾಲು ಸೇರಿಸುತ್ತದೆ, ಅದರಲ್ಲಿ ಮೂಲ ಸಂದೇಶದ ಐಡಿ ಇರುತ್ತದೆ. ಹಾಗಾಗಿ ಕೀವರ್ಡ್ ಸಿಕ್ಕ ಪ್ರತಿ ಸಂದೇಶದ ಐಡಿ ಬರೆದಿಟ್ಟುಕೊಂಡೆ. ಆ ಐಡಿಗೆ ನೇರ ಉತ್ತರವಾಗಿ ಬಂದದ್ದು, ಪದ ಇರಲಿ ಇಲ್ಲದಿರಲಿ, ಅಲರ್ಟ್‌ಗೆ ಸೇರುತ್ತದೆ. ಉತ್ತರದ ಉತ್ತರ ಸೇರುವುದಿಲ್ಲ, ಒಂದೇ ಮೆಟ್ಟಿಲು. ಎರಡನೇ ಮೆಟ್ಟಿಲಿಗೆ ಜನ ಬೇರೆ ವಿಷಯಕ್ಕೆ ಹೋಗಿಬಿಟ್ಟಿರುತ್ತಾರೆ, ಅದೂ ನೋಡಿಯೇ ನಿರ್ಧರಿಸಿದ್ದು.

ಎಲ್ಲರ ಸಂದೇಶದಲ್ಲೂ ಈ ಸಾಲು ಇರುವುದಿಲ್ಲ. ಮುಖ್ಯವಾಗಿ ಕ್ಯೂಡಬ್ಲ್ಯೂಕೆ ಪ್ಯಾಕೆಟ್ ಇಳಿಸಿಕೊಂಡು ಆಫ್‌ಲೈನಲ್ಲಿ ಓದಿ ಉತ್ತರ ಬರೆಯುವವರದ್ದು. 1987ರ ಆ ಫಾರ್ಮ್ಯಾಟಿನ ಹೆಡರಿನಲ್ಲಿ ಮೆಸೇಜ್ ಐಡಿಗೆ ಜಾಗವೇ ಇಲ್ಲ, ಬರೀ ಒಂದು ನಂಬರ್ ಇದೆ. ಅಂಥವಕ್ಕೆ ಸಬ್ಜೆಕ್ಟ್ ಹೋಲಿಸಬೇಕಾಯಿತು, ಮುಂದಿನ 'ರಿ' ತೆಗೆದು. ಅದೂ ಒಂದು ದಿನ ಕೈಕೊಟ್ಟಿತು. ಯಾಕೆ ಅಂದರೆ ಆ ಹೆಡರಿನಲ್ಲಿ ಸಬ್ಜೆಕ್ಟಿಗೆ ಇರುವುದು 25 ಅಕ್ಷರ, ಉದ್ದ ಸಬ್ಜೆಕ್ಟ್ ಅಲ್ಲಿಗೇ ತುಂಡಾಗುತ್ತದೆ. 'ರಿ' (Re, ಕೋಲನ್, ಖಾಲಿ ಜಾಗ) ಸೇರಿದರೆ ಇನ್ನೂ ನಾಲ್ಕು ಹೋಯಿತು. ಹಾಗಾಗಿ ಮೊದಲ 20 ಅಕ್ಷರ ಮಾತ್ರ ಹೋಲಿಸುತ್ತೇನೆ, ಅದೇ ಏರಿಯಾದಲ್ಲಿ, ಎರಡು ವಾರದೊಳಗೆ. ಗಟ್ಟಿಯಾದ ಉಪಾಯ ಅಲ್ಲ, ನಡೆಯುತ್ತದೆ.

ಇದು ಹಾಕಿದ ವಾರದಲ್ಲಿ ಗೆಳೆಯನಿಗೆ ಹೋದ ಅಲರ್ಟ್‌ಗಳಲ್ಲಿ ಕೆಲಸಕ್ಕೆ ಬಂದವು ಹೆಚ್ಚಾಗಿ ಕೀವರ್ಡೇ ಇಲ್ಲದವು. ದೂರು ಕೊಡುವವನು ಹೆಸರು ಬರೆಯುತ್ತಾನೆ, ವಿವರ ಕೊಡುವವನು ಬರೆಯುವುದಿಲ್ಲ. ಅವನಿಗೆ 'ಅದು' ಅಂದರೆ ಸಾಕು.

ತಲುಪಿಸುವ ವಿಚಾರ ಬೇಗ ಹೇಳಿಬಿಡುತ್ತೇನೆ. ಮೊದಲು ಬೋರ್ಡಿನೊಳಗೇ ಇರುವ ಟೆಲಿಗ್ರಾಂ ಅನ್ನುವ ಚುಟುಕು ಸಂದೇಶ ಬಳಸೋಣ ಅನ್ನಿಸಿತ್ತು, ಬಳಕೆದಾರ ಆನ್‌ಲೈನ್ ಇದ್ದರೆ ಪರದೆ ಮೇಲೆ ಬರುತ್ತದೆ, ಇಲ್ಲದಿದ್ದರೆ ಮುಂದಿನ ಲಾಗಿನ್‌ಗೆ. ಗೆಳೆಯ ಲಾಗಿನ್ ಆಗುವುದೇ ವಾರಕ್ಕೊಮ್ಮೆ, ಏನು ಪ್ರಯೋಜನ. ಈಗ ದಿನಕ್ಕೆ ಒಂದು ಸಲ ಒಟ್ಟಿಗೆ ಅವನ ಇಮೇಲ್‌ಗೂ ಹೋಗುತ್ತದೆ, ಏನೂ ಇಲ್ಲದ ದಿನ ಏನೂ ಹೋಗುವುದಿಲ್ಲ. ಆದರೆ ಸ್ಕ್ರಿಪ್ಟ್ ಸತ್ತಿದ್ದರೂ ಏನೂ ಹೋಗುವುದಿಲ್ಲ, ಅಲ್ವಾ? ಅದಕ್ಕೆ ಭಾನುವಾರ ಮಾತ್ರ ಖಾಲಿ ಇದ್ದರೂ ಒಂದು ಮೇಲ್ ಹೋಗುತ್ತದೆ, ಈ ವಾರ ಎಷ್ಟು ಸಂದೇಶ ನೋಡಿದೆ ಅನ್ನುವ ಒಂದು ಸಾಲು. ಆ ಲೆಕ್ಕ ಸೊನ್ನೆ ಇದ್ದರೆ ಗೆಳೆಯ ನನಗೆ ಫೋನ್ ಮಾಡಬೇಕು. ಒಂದು ಸಲ ಮಾಡಿದ್ದಾನೆ. ಅಲರ್ಟ್ ಒಳಗೆ ಪದದ ಹಿಂದು ಮುಂದಿನ ಎರಡು ಮೂರು ಸಾಲು ಇರುತ್ತದೆ, ಬರೀ 'ಪದ ಸಿಕ್ಕಿತು' ಅನ್ನುವ ಅಲರ್ಟನ್ನು ಯಾರೂ ತೆರೆದು ನೋಡುವುದಿಲ್ಲ.

ಒಂದು ವಿಷಯದಲ್ಲಿ ನಾನು ಜಗ್ಗಲಿಲ್ಲ. ಸಿಸಾಪ್ ಆದವನು ಮನಸ್ಸು ಮಾಡಿದರೆ ತನ್ನ ಬೋರ್ಡಿನ ಖಾಸಗಿ ಮೇಲ್, ಬೋರ್ಡಿನಿಂದ ಬೋರ್ಡಿಗೆ ಹೋಗುವ ಖಾಸಗಿ ನೆಟ್‌ಮೇಲ್ ಎಲ್ಲವನ್ನೂ ಸ್ಕ್ಯಾನ್ ಮಾಡಬಹುದು, ತಾಂತ್ರಿಕವಾಗಿ ತಡೆ ಏನೂ ಇಲ್ಲ. ನನ್ನ ಸ್ಕ್ರಿಪ್ಟ್ ಸಾರ್ವಜನಿಕ ಏರಿಯಾ ಬಿಟ್ಟು ಬೇರೆ ಏನನ್ನೂ ತೆರೆಯುವುದಿಲ್ಲ, ಹೀಗೊಂದು ಸ್ಕ್ಯಾನ್ ನಡೆಯುತ್ತದೆ ಅಂತ ಬುಲೆಟಿನ್‌ನಲ್ಲೂ ಹಾಕಿದ್ದೇನೆ. ಅದನ್ನು ಓದಿ ಇನ್ನೊಬ್ಬರು ಬಂದು ತಮಗೂ ಅಲರ್ಟ್ ಬೇಕು ಅಂದರು. ಏನು ಪದ ಅಂತ ಕೇಳಿದರೆ ಮತ್ತೊಬ್ಬ ಬಳಕೆದಾರನ ಹೆಸರು. ಆಗಲ್ಲ ಅಂದೆ. ಅವರಿಗೆ ಸಿಟ್ಟು ಬಂತು, ಬರಲಿ.

ಈಗ ಇದು ನಡೆಯುತ್ತಿದೆ. ಸೇವ್ ಫೈಲ್ ಬಗ್ ಆ 'ನನಗೂ ಅದೇ' ಸಾಲಿನಿಂದಲೇ ಸಿಕ್ಕಿತು, ಇಬ್ಬರು ಒಟ್ಟಿಗೆ ಬರೆಯುವಾಗ ಫೈಲ್ ಲಾಕ್ ಆಗುತ್ತಿರಲಿಲ್ಲ. ಹೊಸ ಆವೃತ್ತಿ ಬಿಟ್ಟ ಮೇಲೆ ಮೊದಲು ಆಟ ತೆಗೆದುಹಾಕಿದ್ದವನೂ ಮತ್ತೆ ಹಾಕಿಕೊಂಡ. ಆದರೆ ಮೊನ್ನೆ ಗೆಳೆಯ ಒಂದು ಸಂದೇಶ ಕಳಿಸಿದ, 'ಇದು ಯಾಕೆ ಬರಲಿಲ್ಲ' ಅಂತ. ನೋಡಿದರೆ ಯಾರೋ ಹೊಸಬ ಹೊಸ ಸಬ್ಜೆಕ್ಟಿನಲ್ಲಿ ಬರೆದಿದ್ದಾನೆ: 'ಹೆಸರು ನೆನಪಿಲ್ಲ, ಆ ಹಡಗು ವ್ಯಾಪಾರದ ಆಟ, ಲಾಗಿನ್ ಆದ ಕೂಡಲೇ ಹ್ಯಾಂಗ್ ಆಗುತ್ತದೆ.' ಇದಕ್ಕೆ ಯಾವ ಪದ ಹಾಕಲಿ? 'ಹಡಗು' ಹಾಕಿ ಒಂದು ದಿನ ನೋಡಿದೆವು, ಮಳೆ. ತೆಗೆದೆವು. ಡೋರ್ ಗೇಮ್‌ಗಳ ಆ ಒಂದು ಎಕೋವನ್ನು ಗೆಳೆಯ ಈಗ ಭಾನುವಾರದ ಮೇಲ್ ಬಂದಾಗ ಲಾಗಿನ್ ಆಗಿ ತಾನೇ ಪೂರ್ತಿ ಓದುತ್ತಾನೆ.